ಕೇಳಿ ಬರೆದುಕೊಂಡರೆ ಪರೀಕ್ಷೆ ಆಗುವುದಿಲ್ಲ

ಇವರಿಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳು,
ದಾವಣಗೆರೆ.

ವಿಷಯ: ಮೂವತ್ತು ದಾಟಿದ ಹೆಂಗಸರಿಗೆ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಯನ್ನು ನಿಜವಾಗಿ ಮಾಡಿಸುವ ಬಗ್ಗೆ, ಅದಕ್ಕೆ ಕಾರಣವಾದ ಎಚ್‌ಪಿವಿ ವೈರಸ್ ಮತ್ತು ಅದರ ಲಸಿಕೆ ಬಗ್ಗೆ ಹಳ್ಳಿಗಳಲ್ಲಿ ಬಿಡಿಸಿ ಹೇಳುವ ಬಗ್ಗೆ.

ಮಾನ್ಯರೇ, ನಮಸ್ಕಾರ.

ನಾನು ಈ ಜಿಲ್ಲೆಯ ಒಂದು ಹಳ್ಳಿಯವಳು. ಮನೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ಓದುವ ಮಗಳಿದ್ದಾಳೆ. ಸಂಘದ ಸಭೆ ಮುಗಿದ ಮೇಲೆ ಹೆಂಗಸರು ಎದ್ದು ಹೋಗದೆ ಕೂತು ಆಡುವ ಮಾತುಗಳು ಇರುತ್ತವಲ್ಲ, ಅಲ್ಲಿ ಕೇಳಿದ್ದು ಮತ್ತು ನಾನೇ ಕಣ್ಣಾರೆ ಕಂಡದ್ದು ಎರಡನ್ನೂ ತಮ್ಮ ಮುಂದೆ ಇಡುತ್ತಿದ್ದೇನೆ. ಎಲ್ಲರೂ ಓದಲಿ ಅಂತಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ. ಯಾಕಂದ್ರೆ ಇದು ನಮ್ಮೂರೊಂದರ ಕಥೆ ಆಗಿರಲಿಕ್ಕಿಲ್ಲ.

ಹೋದ ವರ್ಷ ಮೆಕ್ಕೆಜೋಳದ ಕಟಾವು ಶುರುವಾಗುವ ಮುಂಚೆ ನಮ್ಮ ಕಡೆ ಆರೋಗ್ಯ ತಪಾಸಣೆ ಶಿಬಿರ ನಡೆಯಿತು. ಜಗಲಿ ಮೇಲೆ ಒಂದು ಟೇಬಲ್, ಎರಡು ಕುರ್ಚಿ. ಬಿಪಿ ನೋಡಿದರು, ಬೆರಳಿಗೆ ಚುಚ್ಚಿ ಶುಗರ್ ನೋಡಿದರು. ಅದೆಲ್ಲ ಚೆನ್ನಾಗಿಯೇ ಆಯಿತು. ಆಮೇಲೆ ಸಿಸ್ಟರ್ ಕೈಯಲ್ಲಿದ್ದ ಫಾರಂನಲ್ಲಿ ಬಾಯಿ ಕ್ಯಾನ್ಸರ್, ಸ್ತನ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್ ಅಂತ ಮೂರು ಸಾಲು ಇದ್ದವು. ಮೂರನೇ ಸಾಲಿಗೆ ಬಂದಾಗ ತಲೆ ಎತ್ತದೆ ಕೇಳಿದರು: "ಏನಕ್ಕಾ, ಬಿಳಿ ಸೆರಗು ಜಾಸ್ತಿ ಹೋಗುತ್ತಾ? ಮುಟ್ಟಿನ ನಡುವೆ ರಕ್ತ ಏನಾದರೂ ಕಾಣುತ್ತಾ?" ನಮ್ಮ ಹಿಂದೆ ಸರದಿಯಲ್ಲಿ ಮಾವಂದಿರು, ಮೈದುನಂದಿರು, ಪಕ್ಕದ ಮನೆ ಗಂಡಸರು ಬಿಪಿ ನೋಡಿಸಲು ನಿಂತಿದ್ದರು. ಯಾರು ತಾನೇ ಹೌದು ಅಂತಾರೆ? ಎಲ್ಲರೂ ಇಲ್ಲ ಅಂದರು. ಎಲ್ಲರ ಚೀಟಿಯಲ್ಲೂ "ನಾರ್ಮಲ್" ಅಂತ ಬಿತ್ತು. ಒಬ್ಬರನ್ನೂ ಒಳಗೆ ಕರೆದು ಪರೀಕ್ಷೆ ಮಾಡಲಿಲ್ಲ.

ಅವತ್ತು ಆ ಸರದಿಯಲ್ಲಿ ನಮ್ಮ ಓಣಿಯ ಒಬ್ಬ ಅಕ್ಕ ಇದ್ದರು. ಐವತ್ತು ದಾಟಿದವರು, ಮುಟ್ಟು ನಿಂತು ವರ್ಷಗಳಾಗಿದ್ದವು. ಆಗಲೇ ಅವರಿಗೆ ಆಗೊಮ್ಮೆ ಈಗೊಮ್ಮೆ ರಕ್ತ ಕಾಣುತ್ತಿತ್ತು. ನಿಂತ ಮುಟ್ಟು ಮತ್ತೆ ಬಂದಿದೆ, ಮೈಯಲ್ಲಿ ಉಷ್ಣ ಆಗಿದೆ ಅಂದುಕೊಂಡು ಮೆಂತ್ಯ ನೆನೆಸಿ ಕುಡಿಯುತ್ತಿದ್ದರಂತೆ. ಸೊಸೆ ಕಣ್ಣಿಗೆ ಬೀಳಬಾರದು ಅಂತ ಬಟ್ಟೆಯನ್ನು ರಾತ್ರಿ ಹೊತ್ತು ಒಗೆದು ಹಿತ್ತಲಲ್ಲಿ ಹಾಕುತ್ತಿದ್ದರಂತೆ. ಸೊಂಟನೋವು ತಡೆಯಲಾರದೆ ಊರು ಬಿಟ್ಟು ದೊಡ್ಡಾಸ್ಪತ್ರೆಗೆ ಹೋದಾಗ ಡಾಕ್ಟರು ಮೂರನೇ ಹಂತ ಅಂದರು. ಈಗ ಬೆಂಗಳೂರಿನಲ್ಲಿ ರೇಡಿಯೇಷನ್ ನಡೆಯುತ್ತಿದೆ. ಆ ಅಕ್ಕನ ರಿಪೋರ್ಟುಗಳನ್ನು ನಾನು ನೋಡಿದೆ. ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಬಯಾಪ್ಸಿ ರಿಪೋರ್ಟ್ ಇದೆ, ಸ್ಕ್ಯಾನಿಂಗ್ ಫಿಲಂ ಇದೆ, ಅವುಗಳ ನಡುವೆ ನಮ್ಮ ಶಿಬಿರದ ಚೀಟಿಯೂ ಮಡಚಿ ಕೂತಿದೆ. ಅದರಲ್ಲಿ ನೀಲಿ ಇಂಕಿನಲ್ಲಿ "ನಾರ್ಮಲ್". ಹೆಸರು ಹಾಕದೆ ಬರಿ ಅಂತ ಅವರೇ ಹೇಳಿದ್ದಕ್ಕೆ ಇಷ್ಟನ್ನು ಬರೆದೆ.

ಆ ಸಿಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ಅವರನ್ನೇ ಕೇಳಿದೆ. ತರಬೇತಿ ಆಗಿದೆಯಂತೆ. ಆದರೆ ಪರೀಕ್ಷೆ ಮಾಡಲು ಬಾಗಿಲು ಹಾಕಿಕೊಳ್ಳುವ ಕೋಣೆ ಇಲ್ಲ, ಮಲಗಿಸಲು ಟೇಬಲ್ ಇಲ್ಲ, ಬೆಳಕಿಲ್ಲ, ಬೇಕಾದ ಸಾಮಾನಿಲ್ಲ. ಸಂಜೆಯೊಳಗೆ ಎಲ್ಲ ಫಾರಂ ತುಂಬಿ ಮೊಬೈಲಿನಲ್ಲಿ ಏರಿಸಬೇಕು. ಕಾಲಂ ಖಾಲಿ ಬಿಟ್ಟರೆ ಮೇಲಿನಿಂದ ಫೋನು. ಹಾಗಾಗಿ ಕೇಳಿ ಬರೆದುಕೊಳ್ಳುತ್ತಾರೆ. ನನ್ನ ದೂರು ಇರುವುದು ಈ ಪದ್ಧತಿಯ ಮೇಲೆ.

ಕೇಳಿ ಬರೆದುಕೊಂಡರೆ ಯಾಕೆ ಆಗುವುದಿಲ್ಲ ಅನ್ನೋದು ತಮಗೆ ಗೊತ್ತೇ ಇದೆ. ಈ ಪತ್ರ ಓದುವ ನಮ್ಮ ಹೆಂಗಸರಿಗೂ ಗೊತ್ತಾಗಲಿ ಅಂತ ಬಿಡಿಸಿ ಬರೆಯುತ್ತೇನೆ. ಗರ್ಭಕಂಠ ಅಂದರೆ ಗರ್ಭಕೋಶದ ಬಾಯಿ. ಅಲ್ಲಿ ಬರುವ ಕ್ಯಾನ್ಸರಿಗೆ ಹೆಚ್ಚುಕಮ್ಮಿ ಎಲ್ಲ ಸಲವೂ ಕಾರಣ ಒಂದು ವೈರಸ್. ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಇದನ್ನು ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಈ ವೈರಸ್ಸಿನಲ್ಲಿ 200ಕ್ಕೂ ಹೆಚ್ಚು ಬಗೆ ಇವೆ. ಕೆಲವು ಕೈಕಾಲಿಗೆ ನರುಲಿ ತರುತ್ತವೆ, ಅಷ್ಟೇ. 6 ಮತ್ತು 11ನೇ ಬಗೆ ಗುಪ್ತಾಂಗದಲ್ಲಿ ನರುಲಿ ತರುತ್ತವೆ, ಕ್ಯಾನ್ಸರ್ ತರುವಂಥವಲ್ಲ. ಅಪಾಯದ ಬಗೆಗಳು ಹತ್ತು ಹದಿನೈದು ಇವೆ. ಅದರಲ್ಲೂ 16 ಮತ್ತು 18 ಇವೆರಡರಿಂದಲೇ ನೂರರಲ್ಲಿ ಎಪ್ಪತ್ತು ಗರ್ಭಕಂಠದ ಕ್ಯಾನ್ಸರ್ ಬರುತ್ತವೆ.

ವೈರಸ್ ಮೈಗೆ ಸೇರಿದಾಗ ಜ್ವರ ಬರುವುದಿಲ್ಲ, ನೋವಿಲ್ಲ, ಉರಿ ಇಲ್ಲ. ಹತ್ತರಲ್ಲಿ ಒಂಬತ್ತು ಜನರಿಗೆ ಎರಡು ವರ್ಷದೊಳಗೆ ಮೈಯೇ ಅದನ್ನು ಓಡಿಸಿಬಿಡುತ್ತದೆ. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಉಳಿದವರಲ್ಲಿ ಅದು ಗರ್ಭಕೋಶದ ಬಾಯಿಯಲ್ಲೇ ಬೀಡುಬಿಟ್ಟು ಅಲ್ಲಿನ ಜೀವಕೋಶಗಳನ್ನು ನಿಧಾನಕ್ಕೆ ಕೆಡಿಸುತ್ತದೆ. ಹಾಗೆ ಕೆಟ್ಟು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಎಚ್‌ಐವಿ ಇದ್ದು ಚಿಕಿತ್ಸೆ ಪಡೆಯದವರಲ್ಲಿ 5ರಿಂದ 10 ವರ್ಷಕ್ಕೇ ಆಗಬಹುದು. ಇಷ್ಟು ವರ್ಷಗಳ ಕಾಲ ಹೆಂಗಸಿಗೆ ಏನೂ ಅನ್ನಿಸುವುದಿಲ್ಲ. ರಕ್ತ ಕಾಣುವುದು, ವಾಸನೆಯ ಸೆರಗು, ಗಂಡನ ಜೊತೆ ಸೇರಿದ ಮೇಲೆ ರಕ್ತ, ಇವೆಲ್ಲ ಬರುವುದು ಎಷ್ಟೋ ಸಲ ಕ್ಯಾನ್ಸರ್ ಆದ ಮೇಲೆ. ಅಂದ ಮೇಲೆ "ಏನಾದರೂ ತೊಂದರೆ ಇದೆಯಾ" ಅಂತ ಕೇಳಿ, ಇಲ್ಲ ಅಂದವರನ್ನು ನಾರ್ಮಲ್ ಅಂತ ಬರೆದರೆ, ಸುಲಭವಾಗಿ ಉಳಿಸಬಹುದಾದ ಅಷ್ಟೂ ವರ್ಷಗಳನ್ನು ಕೈಬಿಟ್ಟಂತೆ ಆಗುತ್ತದೆ. ನಮ್ಮ ಓಣಿಯ ಅಕ್ಕನಿಗೆ ಅವತ್ತು ಪರೀಕ್ಷೆ ಮಾಡಿದ್ದರೆ ಕಾಯಿಲೆ ಎಷ್ಟರಲ್ಲಿ ಸಿಗುತ್ತಿತ್ತೋ ಹೇಳಲಾರೆ. ಈಗ ಸಿಕ್ಕಿದ್ದಕ್ಕಿಂತ ಮುಂಚೆ ಸಿಗುತ್ತಿತ್ತು ಅನ್ನೋದಂತೂ ಖಂಡಿತ. ಇನ್ನೊಂದು ಸಂಕಟ ಏನಂದರೆ, ಆ ಚೀಟಿ ಕೈಯಲ್ಲಿದೆ ಅನ್ನುವ ಧೈರ್ಯದ ಮೇಲೆ ಅವರು ಮತ್ತಷ್ಟು ತಿಂಗಳು ಸುಮ್ಮನಿದ್ದರು.

ಸರ್ಕಾರದ ನಿಯಮವೇ ಬೇರೆ ಹೇಳುತ್ತದೆ. 30ರಿಂದ 65 ವರ್ಷದ ಪ್ರತಿ ಹೆಂಗಸಿಗೆ ಐದು ವರ್ಷಕ್ಕೊಮ್ಮೆ ವಿಐಎ ಪರೀಕ್ಷೆ ಆಗಬೇಕು. ಅದು ದೊಡ್ಡ ಮಿಷನ್ ಬೇಕಾದ ಪರೀಕ್ಷೆ ಅಲ್ಲ. ವಿನೆಗರ್‌ನಲ್ಲಿ ಇರುತ್ತದಲ್ಲ, ಅದೇ ಆಸಿಟಿಕ್ ಆಸಿಡ್ಡನ್ನು ತೆಳುವಾಗಿ ಮಾಡಿ ಹತ್ತಿಯಿಂದ ಗರ್ಭಕೋಶದ ಬಾಯಿಗೆ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜಾಗ ಇದ್ದರೆ ಬೆಳ್ಳಗೆ ಕಾಣುತ್ತದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರಿಗೆ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ 1.9 ಮಾತ್ರ. ನೂರಕ್ಕೆ ಇಬ್ಬರೂ ಇಲ್ಲ. 2022ರ ಅಂದಾಜಿನಂತೆ ಒಂದೇ ವರ್ಷದಲ್ಲಿ ದೇಶದ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಜನ ತೀರಿಕೊಂಡರು.

ಹಳ್ಳಿಯಲ್ಲಿ ಇದೆಲ್ಲ ಆಗದ ಮಾತು ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಅಲ್ಲಿನ ಕೊಳೆಗೇರಿಗಳಲ್ಲಿ ಹತ್ತನೇ ತರಗತಿವರೆಗೆ ಓದಿದ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಈ ವಿನೆಗರ್ ಪರೀಕ್ಷೆ ಮಾಡಿಸಿದರು. ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಮ್ಮಿಯಾಯಿತು. ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ, ನಮ್ಮ ಜಗಳೂರಿನ ಹಾಗೇ ಮಳೆ ಕಮ್ಮಿ ಇರುವ ಸೀಮೆ. ಅಲ್ಲಿನ ಹಳ್ಳಿ ಹೆಂಗಸರಿಗೆ ಎಚ್‌ಪಿವಿ ಪರೀಕ್ಷೆಯನ್ನು ಒಂದೇ ಒಂದು ಸಲ ಮಾಡಿದ್ದಕ್ಕೆ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು ಅಂತ 2009ರಲ್ಲೇ ಪ್ರಕಟವಾಗಿದೆ. ಅಲ್ಲಿ ಆದದ್ದು ನಮ್ಮ ಜಿಲ್ಲೆಯಲ್ಲಿ ಯಾಕೆ ಆಗಬಾರದು? ನಮ್ಮ ಸಿಸ್ಟರ್‌ಗಳು ನರ್ಸಿಂಗ್ ಓದಿದವರು. ಹೆರಿಗೆ ಮಾಡಿಸುವ ಕೈಗೆ ಈ ಪರೀಕ್ಷೆ ಕಷ್ಟವೇನಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ಪರೀಕ್ಷೆ ಇಲ್ಲದ ಕಡೆ ಭಯ ವ್ಯಾಪಾರ ಆಗುತ್ತದೆ. ಬಿಳಿ ಸೆರಗು ಅಂತ ಹೋದ ಹೆಂಗಸಿಗೆ "ಹೀಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತೆ, ಗರ್ಭಕೋಶ ತೆಗೆಸಿಬಿಡಿ" ಅಂದಾಗ ಅವಳು ಬಡ್ಡಿಗೆ ಸಾಲ ತಂದು ಆಪರೇಷನ್ ಮಾಡಿಸಿಕೊಳ್ಳುತ್ತಾಳೆ. ಸಂಘದಲ್ಲಿ ಅಂಥ ಸಾಲದ ಕಂತು ಬರೆದುಕೊಂಡವಳು ನಾನು. ಕಲಬುರಗಿ ಕಡೆ ತಾಂಡಾ ಹೆಂಗಸರಿಗೆ ಬೇಡದ ಆಪರೇಷನ್ ಮಾಡಿದ್ದು ದೊಡ್ಡ ಸುದ್ದಿಯಾಗಿತ್ತು, ತಮಗೆ ನೆನಪಿರಬಹುದು. ಬಿಳಿ ಸೆರಗು ಹೆಚ್ಚಿನ ಸಲ ಮಾಮೂಲಿ ಸೋಂಕಿನಿಂದ ಆಗುತ್ತದೆ, ಮಾತ್ರೆಯಲ್ಲಿ ಹೋಗುತ್ತದೆ. ಯಾವುದು ಮಾಮೂಲಿ, ಯಾವುದು ಅಲ್ಲ ಅಂತ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ನೋಡಿ ಹೇಳುವವರು ಇದ್ದರೆ ಎಷ್ಟೋ ಮನೆಗಳು ಉಳಿದುಕೊಳ್ಳುತ್ತವೆ.

ಇನ್ನು ಈ ವೈರಸ್ಸಿನ ಹೆಸರು ಹೇಳಿದರೆ ಅಂಟಿಕೊಳ್ಳುವ ಕಳಂಕ. ಎಚ್‌ಪಿವಿ ಹರಡುವುದು ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ, ಚರ್ಮಕ್ಕೆ ಚರ್ಮ ತಾಗಿ. ಇದು ಊರಲ್ಲಿ ಅರ್ಧಂಬರ್ಧ ಗೊತ್ತಾದರೆ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಆ ಅಕ್ಕನ ಬಗ್ಗೆ, ಅವರ ಗಂಡನ ಬಗ್ಗೆ ನಲ್ಲಿ ಹತ್ತಿರ ಆಡಬಾರದ ಮಾತು ಆಡಿದರು. ಪೂರ್ತಿ ಗೊತ್ತಿದ್ದರೆ ಯಾರೂ ಹಾಗೆ ಮಾತಾಡುತ್ತಿರಲಿಲ್ಲ. ಸಂಸಾರ ಮಾಡುವ ಬಹುಪಾಲು ಜನರಿಗೆ, ಗಂಡಿಗೂ ಹೆಣ್ಣಿಗೂ, ಜೀವನದಲ್ಲಿ ಒಮ್ಮೆಯಾದರೂ ಈ ವೈರಸ್ ತಗುಲುತ್ತದೆ. ಬಾಳೆಲ್ಲ ಒಬ್ಬರೊಂದಿಗೇ ಇದ್ದವರಿಗೂ ಬರಬಹುದು. ವೈರಸ್ ಯಾವಾಗಲೋ ಬಂದು ವರ್ಷಗಟ್ಟಲೆ ಸುಮ್ಮನೆ ಕೂತಿರಬಹುದು. ಇದರಿಂದ ಯಾರ ನಡತೆಯನ್ನೂ ಅಳೆಯಲು ಬರುವುದಿಲ್ಲ. ಗಂಡಸರಿಗೂ ಇದರಿಂದ ಗಂಟಲಿನ, ಶಿಶ್ನದ, ಗುದದ್ವಾರದ ಕ್ಯಾನ್ಸರ್ ಬರುವುದುಂಟು. ಹಾಗಾಗಿ ಇದನ್ನು ಬರೀ ಹೆಂಗಸರ ಕಾಯಿಲೆ ಅಂತ ಹೆಂಗಸರನ್ನಷ್ಟೇ ಕೂರಿಸಿ ಹೇಳಬೇಡಿ. ಗಂಡಸರಿಗೂ ಹೇಳಿಸಿ, ಅವರ ಭಾಷೆಯಲ್ಲಿ, ಅವರು ಸೇರುವ ಜಾಗದಲ್ಲಿ.

ಲಸಿಕೆ ವಿಷಯದಲ್ಲೂ ಅರ್ಧಂಬರ್ಧವೇ ನಡೆದಿದೆ. 2024ರ ಫೆಬ್ರುವರಿ 1ರ ಮಧ್ಯಂತರ ಬಜೆಟ್ಟಿನಲ್ಲಿ 9ರಿಂದ 14 ವರ್ಷದ ಹುಡುಗಿಯರಿಗೆ ಈ ಲಸಿಕೆ ಹಾಕಿಸಲು ಪ್ರೋತ್ಸಾಹ ಕೊಡುತ್ತೇವೆ ಅಂತ ಹಣಕಾಸು ಸಚಿವರು ಹೇಳಿದರು. ಅವತ್ತಿನಿಂದ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಗದ್ದಲ. ಈ ಸೂಜಿ ಹಾಕಿದರೆ ಮಕ್ಕಳಾಗುವುದಿಲ್ಲ, ಹಿಂದೆ ಹುಡುಗಿಯರು ಸತ್ತಿದ್ದಾರೆ, ನಮ್ಮ ಮಕ್ಕಳ ಮೇಲೆ ಪ್ರಯೋಗ ಮಾಡುತ್ತಾರೆ. ಇದಕ್ಕೆ ಇಲಾಖೆಯಿಂದ "ವದಂತಿ ನಂಬಬೇಡಿ" ಅಂತ ಒಂದು ಸಾಲು ಬಂದರೆ ತಾಯಂದಿರ ಹೆದರಿಕೆ ಹೋಗುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಬೇಕು.

ನಡೆದದ್ದು ಇದು. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಲಸಿಕೆ ಹಾಕಿದರು. ಆಮೇಲೆ ಏಳು ಹುಡುಗಿಯರು ತೀರಿಕೊಂಡರು. 2010ರಲ್ಲಿ ಆ ಕಾರ್ಯಕ್ರಮ ನಿಲ್ಲಿಸಿದರು. ತನಿಖೆ ಮಾಡಿದ ಸಮಿತಿ, ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಅಂತ ಹೇಳಿತು. ಹಾವು ಕಚ್ಚಿದ್ದು, ನೀರಿನಲ್ಲಿ ಮುಳುಗಿದ್ದು, ಕೀಟನಾಶಕ ಕುಡಿದದ್ದು ಅದರಲ್ಲಿ ಇದ್ದವು. ಆದರೆ ಅಲ್ಲಿ ಒಂದು ದೊಡ್ಡ ತಪ್ಪು ಆಗಿತ್ತು. ಎಷ್ಟೋ ಕಡೆ ತಂದೆತಾಯಿಗೆ ಹೇಳದೆ ಹಾಸ್ಟೆಲ್ ವಾರ್ಡನ್‌ಗಳೇ ಒಪ್ಪಿಗೆ ಫಾರಂಗೆ ಸಹಿ ಹಾಕಿದ್ದರು. 2013ರಲ್ಲಿ ಸಂಸತ್ತಿನ ಸಮಿತಿ ಅದನ್ನು ಖಂಡಿಸಿತು. ಲಸಿಕೆಯಲ್ಲಿ ದೋಷ ಸಿಗಲಿಲ್ಲ, ಕೇಳದೆ ಹಾಕಿದ ರೀತಿಯಲ್ಲಿ ಸಿಕ್ಕಿತು. ಅವತ್ತು ಕೇಳದೆ ಮಾಡಿದ್ದಕ್ಕೆ ಹುಟ್ಟಿದ ಅನುಮಾನ ಇಷ್ಟು ವರ್ಷ ಆದರೂ ನಮ್ಮ ಮೊಬೈಲಿನಲ್ಲಿ ಓಡಾಡುತ್ತಿದೆ.

ಅದೇ ಸಮಯದಲ್ಲಿ ದೇಶದ ಬೇರೆ ಬೇರೆ ಕಡೆ ನಡೆಯುತ್ತಿದ್ದ ಇನ್ನೊಂದು ಅಧ್ಯಯನವೂ ನಡುವೆ ನಿಂತಿತು. ಅದರಲ್ಲಿ 17 ಸಾವಿರಕ್ಕೂ ಜಾಸ್ತಿ ಹುಡುಗಿಯರಿಗೆ ಲಸಿಕೆ ಬಿದ್ದಿತ್ತು. ಕೆಲವರಿಗೆ ಎಲ್ಲ ಡೋಸ್ ಆಗಿತ್ತು, ಎಷ್ಟೋ ಜನರಿಗೆ ಒಂದೇ. ಹತ್ತು ವರ್ಷ ಬಿಟ್ಟು ನೋಡಿದರೆ, ಒಂದು ಡೋಸ್ ಬಿದ್ದವರಿಗೂ 16 ಮತ್ತು 18ನೇ ಬಗೆಯ, ಮೈಯಲ್ಲೇ ಬೀಡುಬಿಡುವ ಸೋಂಕಿನಿಂದ ಹೆಚ್ಚುಕಮ್ಮಿ ಅಷ್ಟೇ ರಕ್ಷಣೆ ಸಿಕ್ಕಿತ್ತು. ಇಂಥ ಆಧಾರಗಳ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹುಡುಗಿಯರಿಗೆ ಒಂದು ಡೋಸ್ ಕೊಟ್ಟರೂ ಸಾಕಾಗಬಹುದು ಅಂತ ಹೇಳಿತು. ನಮ್ಮ ದೇಶದ ಹೆಣ್ಣುಮಕ್ಕಳಿಂದ ಜಗತ್ತಿಗೆ ಸಿಕ್ಕ ತಿಳಿವಳಿಕೆ ಇದು. ನನ್ನ ಮಗಳ ಶಾಲೆಯ ತಾಯಂದಿರಿಗೆ ಇದನ್ನು ಯಾರಾದರೂ ಹೇಳಿದ್ದಾರಾ? ಇಂಗ್ಲೆಂಡಿನಲ್ಲಿ 12–13ನೇ ವಯಸ್ಸಿಗೆ ಲಸಿಕೆ ಹಾಕಿಸಿಕೊಂಡ ಹುಡುಗಿಯರಲ್ಲಿ ಗರ್ಭಕಂಠದ ಕ್ಯಾನ್ಸರ್ ನೂರಕ್ಕೆ 87ರಷ್ಟು ಕಮ್ಮಿಯಾಗಿದೆ. ನಮ್ಮಲ್ಲಿ ಸಿಕ್ಕಿಂನವರು 2018ರಲ್ಲೇ ರಾಜ್ಯದ 9ರಿಂದ 13 ವರ್ಷದ ಹುಡುಗಿಯರಿಗೆ ಶಾಲೆಗಳಲ್ಲಿ ಹಾಕಿಸಿದರು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಸರ್ವಾವ್ಯಾಕ್ 2023ರಿಂದ ನಮ್ಮಲ್ಲೇ ತಯಾರಾಗಿ ಸಿಗುತ್ತಿದೆ. ಲಸಿಕೆಯಿಂದ ಬಂಜೆತನ ಬರುವುದಿಲ್ಲ. ಚುಚ್ಚಿದ ಕಡೆ ನೋವು, ಸ್ವಲ್ಪ ಜ್ವರ, ಒಮ್ಮೊಮ್ಮೆ ತಲೆಸುತ್ತು ಬರುತ್ತವೆ, ಹೋಗುತ್ತವೆ.

ಇದರ ಜೊತೆಗೆ ಲಸಿಕೆ ಏನು ಮಾಡಲಾರದು ಅನ್ನುವುದನ್ನೂ ಹೇಳಿಸಿ. ಆಗಲೇ ಮೈಗೆ ಸೇರಿದ ವೈರಸ್ಸನ್ನು ಅದು ಓಡಿಸಲಾರದು. ಅದಕ್ಕೇ ಚಿಕ್ಕ ವಯಸ್ಸಿನಲ್ಲಿ ಹಾಕುವುದು. ಎಲ್ಲ ಬಗೆಗಳನ್ನೂ ತಡೆಯಲಾರದು. ಅದಕ್ಕೇ ಲಸಿಕೆ ಹಾಕಿಸಿಕೊಂಡವರೂ ಮೂವತ್ತು ದಾಟಿದ ಮೇಲೆ ಪರೀಕ್ಷೆ ಮಾಡಿಸಬೇಕು. ನನ್ನ ಮಗಳಿಗೆ ಲಸಿಕೆ ಬೇಕು, ನನಗೆ ಪರೀಕ್ಷೆ ಬೇಕು. ಎರಡನ್ನೂ ಒಂದೇ ಮಾತಿನಲ್ಲಿ ಕೇಳುತ್ತಿದ್ದೇನೆ.

ಮಾನ್ಯರೇ, ತಮ್ಮಲ್ಲಿ ನನ್ನ ಮೊದಲ ಬೇಡಿಕೆಗೆ ದುಡ್ಡು ಬೇಕಾಗಿಲ್ಲ. ಗರ್ಭಕಂಠದ ಕಾಲಂನಲ್ಲಿ, ಪರೀಕ್ಷೆ ಮಾಡದೆ "ನಾರ್ಮಲ್" ಅಂತ ಯಾರೂ ಬರೆಯಬಾರದು ಅಂತ ಒಂದು ಆದೇಶ ಕೊಡಿ. ಪರೀಕ್ಷೆ ಆಗದಿದ್ದರೆ "ಆಗಿಲ್ಲ" ಅಂತಲೇ ಬರೆಯಲಿ. ಹಾಗೆ ಬರೆದ ಸಿಸ್ಟರ್‌ಗೆ ಯಾರೂ ಬೈಯಬಾರದು. "ಆಗಿಲ್ಲ" ಅನ್ನೋದು ಎಷ್ಟಿದೆ ಅಂತ ತಮ್ಮ ಕಣ್ಣಿಗೆ ಬಿದ್ದರೆ ತಾನೇ ಸಾಮಾನು ಎಲ್ಲಿಗೆ ಕಳಿಸಬೇಕು, ಕೋಣೆ ಎಲ್ಲಿ ಬೇಕು ಅಂತ ಗೊತ್ತಾಗೋದು?

ಎರಡನೆಯದು ದಿನದ ವಿಷಯ. ಕೂಲಿ ಬಿಟ್ಟು ಹೆಂಗಸರು ಬರುವುದಿಲ್ಲ, ಕಳೆ ತೆಗೆಯುವ ಕಾಲದಲ್ಲಂತೂ ಬರುವುದೇ ಇಲ್ಲ. ಆದರೆ ಹೋಬಳಿಯ ಸಂತೆಗೆ ತಪ್ಪದೆ ಬರುತ್ತಾರೆ. ಬಸ್ಸು ಹೇಗೂ ಹೆಂಗಸರಿಗೆ ಫ್ರೀ ಇದೆ. ಸಂತೆ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಂದು ಕೋಣೆಯನ್ನು ಇದಕ್ಕೇ ಅಂತ ಬಿಡಿಸಿ. ಒಳಗಿನಿಂದ ಚಿಲಕ ಇರಲಿ, ಪರೀಕ್ಷೆ ಮಾಡುವವರು ಹೆಂಗಸರೇ ಇರಲಿ. ತಾಂಡಾಗಳಿಂದ ಬರುವವರಿಗೆ ಲಂಬಾಣಿ ಮಾತಿನಲ್ಲಿ ಹೇಳುವ ಒಬ್ಬ ಆಶಾ ಅಕ್ಕ ಇರಲಿ. ಹೀಗೆ ಮಾಡಿದರೆ ಸಂಕೋಚ ಅರ್ಧಕ್ಕರ್ಧ ಕಮ್ಮಿಯಾಗುತ್ತದೆ, ನಾನು ಬರೆದುಕೊಡುತ್ತೇನೆ.

ಬಿಳಿ ಕಲೆ ಕಂಡವರನ್ನು ಚೀಟಿ ಕೊಟ್ಟು ಸುಮ್ನೆ ಕಳಿಸಬೇಡಿ. ಚೀಟಿ ಹಿಡಿದು ದಾವಣಗೆರೆಗೆ ಹೋಗಿ, ಯಾವ ಕೌಂಟರು ಅಂತ ಗೊತ್ತಾಗದೆ ವಾಪಸ್ ಬಂದವರು ನಮ್ಮ ಸಂಘದಲ್ಲೇ ಇದ್ದಾರೆ. ಜಿಲ್ಲಾ ಕೇಂದ್ರದಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ. ಅಲ್ಲಿನ ಹೆಣ್ಣುಮಕ್ಕಳ ಡಾಕ್ಟರುಗಳನ್ನು ಗೊತ್ತುಮಾಡಿದ ದಿನ ತಾಲ್ಲೂಕು ಆಸ್ಪತ್ರೆಗೆ ಕರೆಸಿ ಕಾಲ್ಪೊಸ್ಕೊಪಿ (ಗರ್ಭಕೋಶದ ಬಾಯಿಯನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ) ಮಾಡಿಸಲು ತಾವು ಮಾತಾಡಿದರೆ ಅವರು ಇಲ್ಲ ಅನ್ನಲಿಕ್ಕಿಲ್ಲ. ಕ್ಯಾನ್ಸರ್ ಆಗುವ ಮುಂಚಿನ ಕಲೆಯನ್ನು ಬಿಸಿ ತಾಗಿಸಿ ಸುಡುವ ಚಿಕಿತ್ಸೆ ಕೆಲವೇ ನಿಮಿಷದ್ದು. ಪ್ರಜ್ಞೆ ತಪ್ಪಿಸದೆಯೇ ಮಾಡುತ್ತಾರೆ. ಅದೇ ದಿನ ಮನೆಗೆ ಬರಬಹುದು. ರೇಡಿಯೇಷನ್ನಿಗೆ ಬೆಂಗಳೂರಿನಲ್ಲಿ ವಾರಗಟ್ಟಲೆ ಛತ್ರದಲ್ಲಿ ಮಲಗುವುದಕ್ಕೂ ಇದಕ್ಕೂ ಎಷ್ಟು ಅಂತರ ಅಂತ ಆ ಅಕ್ಕನ ಮಗನನ್ನು ಕೇಳಿದರೆ ಹೇಳುತ್ತಾನೆ.

ಶಾಲೆಯಲ್ಲಿ ಲಸಿಕೆಯ ಒಪ್ಪಿಗೆ ಫಾರಂ ಹಂಚುವ ಮೊದಲು ಪೋಷಕರ ಸಭೆ ಕರೆಸಿ. ಅಪ್ಪಂದಿರೂ ಬರುವಂತೆ ಸಂಜೆ ಹೊತ್ತು ಇಡಿ. ಪ್ರಶ್ನೆ ಕೇಳಿದವರಿಗೆ ಡಾಕ್ಟರೇ ಎದುರು ನಿಂತು ಉತ್ತರ ಕೊಡಲಿ. ಖಮ್ಮಂ ಬಗ್ಗೆ ಕೇಳಿದರೂ ಕೊಡಲಿ. ಬೇಡ ಅಂದವರನ್ನು ಬೈಯದೆ ಮತ್ತೊಮ್ಮೆ ಮಾತಾಡಿಸಲಿ.

ನಮ್ಮ ಕಡೆಯಿಂದ ಆಗುವುದನ್ನೂ ಹೇಳಿಬಿಡುತ್ತೇನೆ. ನಮ್ಮ ಪಂಚಾಯಿತಿಯ ಸಂಘಗಳ ಹೆಂಗಸರ ಪಟ್ಟಿ ವಯಸ್ಸಿನ ಸಮೇತ ನನ್ನ ಹತ್ತಿರ ಇದೆ. ತಾವು ದಿನ ಗೊತ್ತುಮಾಡಿದರೆ ಮನೆಮನೆಗೆ ಹೋಗಿ ಕರೆತರುವುದು ನಮ್ಮ ಜವಾಬ್ದಾರಿ, ಮೊದಲು ಟೇಬಲ್ ಮೇಲೆ ಮಲಗುವವಳು ನಾನೇ. ಪರೀಕ್ಷೆ ಕೋಣೆಗೆ ಪರದೆ, ಹೆಂಗಸರು ಸುತ್ತಿಕೊಳ್ಳಲು ಲಂಗ ಬೇಕಾದರೆ ಬಟ್ಟೆ ತರಿಸಿಕೊಡಿ, ಕೂಲಿ ಇಲ್ಲದೆ ಹೊಲಿದುಕೊಡುತ್ತೇನೆ.

ಈ ಪತ್ರಕ್ಕೆ ತಾವು ಉತ್ತರ ಬರೆಯುವಾಗ ಎರಡು ವಿವರ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ. ಹೋದ ವರ್ಷ ಜಿಲ್ಲೆಯಲ್ಲಿ "ನಾರ್ಮಲ್" ಅಂತ ದಾಖಲಾದ ಹೆಂಗಸರಲ್ಲಿ ಎಷ್ಟು ಜನರಿಗೆ ನಿಜವಾಗಿ ವಿಐಎ ಪರೀಕ್ಷೆ ಆಗಿತ್ತು? ಉಳಿದವರಿಗೆ ಯಾವಾಗ ಆಗುತ್ತದೆ?

ಇಂತಿ ತಮ್ಮ ವಿಶ್ವಾಸಿ,
ಸ್ತ್ರೀಶಕ್ತಿ ಸಂಘದ ಒಬ್ಬ ಸದಸ್ಯೆ,
ದಾವಣಗೆರೆ ಜಿಲ್ಲೆ